ನಾನೂರು ಪುಟದ ವಿಕಿ ಇದೆ, ಓದುವವರಿಲ್ಲ: ಏನು ಮಾಡುವುದು?

ಪ್ರಶ್ನೆ: ನಮ್ಮದು ಸುಮಾರು ಅರವತ್ತು ಜನರ ಸಂಸ್ಥೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತೇವೆ, ಕೊಂಡವರಿಗೆ ಸಪೋರ್ಟ್ ಕೊಡುತ್ತೇವೆ. ಎರಡು ವರ್ಷದ ಹಿಂದೆ ಆಫೀಸಿಗೆಂದು ಒಂದು ವಿಕಿ, ಅಂದರೆ ಎಲ್ಲರೂ ಸೇರಿ ಬರೆದು ತಿದ್ದಬಹುದಾದ ಜಾಲತಾಣ, ಹಾಕಿಸಿದೆವು. ಶುರುವಿನಲ್ಲಿ ಎಲ್ಲರೂ ಉತ್ಸಾಹದಿಂದ ಬರೆದರು, ಈಗ ನಾನೂರಕ್ಕೂ ಹೆಚ್ಚು ಪುಟಗಳಿವೆ. ಆದರೆ ಅದನ್ನು ತೆರೆಯುವವರೇ ಇಲ್ಲ. ಏನೇ ಅನುಮಾನ ಬಂದರೂ ಚಾಟ್ ಗ್ರೂಪಿನಲ್ಲಿ ಕೇಳುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಹದಿನೈದು ವರ್ಷದಿಂದ ಇರುವ ಹಿರಿಯರೊಬ್ಬರು ಇನ್ನು ಮೂರು ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅರ್ಧ ಆಫೀಸು ಅವರ ನೆನಪಿನ ಮೇಲೆ ನಡೆಯುತ್ತಿದೆ. ಮೇಲಿನವರು "ಈ ಸಾಫ್ಟ್‌ವೇರೇ ಸರಿ ಇಲ್ಲ, ಬೇರೆ ಕೊಳ್ಳೋಣ" ಎನ್ನುತ್ತಿದ್ದಾರೆ. ಯಾರು ಬೇಕಾದರೂ ಎಡಿಟ್ ಮಾಡಬಹುದು ಎಂದು ಬಿಟ್ಟದ್ದೇ ತಪ್ಪು ಎನ್ನುವವರೂ ಇದ್ದಾರೆ. ಎಲ್ಲಿಂದ ಸರಿಪಡಿಸಬೇಕು?

ಉತ್ತರ: ಸಾಫ್ಟ್‌ವೇರ್ ಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಹೊಸದು ಬಂದರೆ ಈ ನಾನೂರು ಪುಟಗಳನ್ನೇ ತಪ್ಪು ಸಮೇತ ಅದಕ್ಕೆ ತುಂಬುತ್ತೀರಿ. ಮೂರು ತಿಂಗಳು ಹೊಸತನದ ಹುರುಪಿರುತ್ತದೆ, ಆಮೇಲೆ ಮತ್ತೆ ಚಾಟ್ ಗ್ರೂಪು.

ಅದಕ್ಕಿಂತ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಹೋದ ವಾರ ಗ್ರೂಪಿನಲ್ಲಿ ಬಂದ ಪ್ರಶ್ನೆಗಳಲ್ಲಿ ಇಪ್ಪತ್ತನ್ನು ಆರಿಸಿ. ಪ್ರತಿಯೊಂದನ್ನೂ, ಕೇಳಿದವರು ಬಳಸಿದ ಪದಗಳಲ್ಲೇ, ವಿಕಿಯ ಸರ್ಚ್‌ನಲ್ಲಿ ಹಾಕಿ ನೋಡಿ. ಮೂರರಲ್ಲಿ ಒಂದು ಆಗುತ್ತದೆ. ಆ ವಿಷಯದ ಪುಟವೇ ಇರುವುದಿಲ್ಲ. ಇಲ್ಲವೇ ಪುಟ ಇರುತ್ತದೆ, ಸರ್ಚ್‌ಗೆ ಸಿಗುವುದಿಲ್ಲ. ಇಲ್ಲವೇ ಸಿಗುತ್ತದೆ, ಆದರೆ ಅದರಲ್ಲಿರುವುದು ಹಳೆಯ ಮಾಹಿತಿ. ಮೊದಲನೆಯದು ಸುಲಭದ ಕಾಯಿಲೆ, ಬರೆದರೆ ಮುಗಿಯಿತು. ಎರಡನೆಯದಕ್ಕೆ ತಲೆಬರಹ ಬದಲಿಸಬೇಕು. ವಿಕಿಯನ್ನು ಕೊಲ್ಲುವುದು ಮೂರನೆಯದು. ಹಳೆಯ ಪುಟ ನಂಬಿ ಗ್ರಾಹಕರ ಮುಂದೆ ಒಮ್ಮೆ ಪೇಚಿಗೆ ಸಿಕ್ಕವರು ಆಮೇಲೆ ಸರಿಯಾದ ಪುಟವನ್ನೂ ನಂಬುವುದಿಲ್ಲ, ಪಕ್ಕದವರನ್ನೇ ಕೇಳುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ; ಪಕ್ಕದವರಿಗೆ ನಿನ್ನೆಯ ಬದಲಾವಣೆ ಗೊತ್ತಿರುತ್ತದೆ, ಪುಟಕ್ಕೆ ಗೊತ್ತಿರುವುದಿಲ್ಲ.

ನಿಮ್ಮಲ್ಲಿ ಈ ಮೂರರಲ್ಲಿ ಯಾವುದು ಜಾಸ್ತಿ ಎಂದು ನೋಡದೆ ಮದ್ದು ಮಾಡಲು ಹೋದರೆ ತಲೆಗೆಲ್ಲ ಒಂದೇ ಮಂತ್ರ ಆಗುತ್ತದೆ. ಆದರೂ ನೀವು ಬರೆದದ್ದನ್ನು ನೋಡಿದರೆ ಮೂರನೆಯದರ ಪಾಲೇ ದೊಡ್ಡದಿರಬೇಕು ಎಂದು ನನ್ನ ಊಹೆ. ಎರಡು ವರ್ಷದಲ್ಲಿ ನಿಮ್ಮ ಸಾಫ್ಟ್‌ವೇರ್ ಎಷ್ಟೋ ಸಲ ಬದಲಾಗಿದೆ, ಪುಟಗಳು ಮಾತ್ರ ಇದ್ದಲ್ಲೇ ಇವೆ.

ವಿಕಿ ಎಂಬುದು ಯಾಕೆ ಹುಟ್ಟಿತು ಎನ್ನುವುದನ್ನು ಇಲ್ಲಿ ನೆನಪಿಸಿಕೊಳ್ಳುವುದು ಒಳ್ಳೆಯದು. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್ ಮೊದಲ ವಿಕಿಯನ್ನು ಜಾಲಕ್ಕೆ ಬಿಟ್ಟದ್ದು 1995ರ ಮಾರ್ಚ್ 25ರಂದು. ಪ್ರೋಗ್ರಾಮರ್‌ಗಳು ಕೆಲಸದಲ್ಲಿ ಕಂಡುಕೊಂಡ ವಿನ್ಯಾಸಗಳನ್ನು ಒಬ್ಬರಿಗೊಬ್ಬರು ತಿಳಿಸಿಕೊಳ್ಳಲಿ ಎಂಬುದು ಉದ್ದೇಶ. ಅದರಲ್ಲಿ ಅಲಂಕಾರ ಏನೂ ಇರಲಿಲ್ಲ. ಇದ್ದ ವಿಶೇಷ ಒಂದೇ: ಓದುತ್ತಿದ್ದ ಪುಟವನ್ನು ಓದುತ್ತಿದ್ದವರೇ ಆ ಕ್ಷಣವೇ ತಿದ್ದಬಹುದಿತ್ತು. ಅನುಮತಿ ಬೇಡ, ಯಾರಿಗೋ ಇಮೇಲ್ ಕಳಿಸಿ ಕಾಯುವುದು ಬೇಡ. 2001ರಲ್ಲಿ ಶುರುವಾದ ವಿಕಿಪೀಡಿಯ ಬೆಳೆದದ್ದೂ ಇದೇ ಗುಣದಿಂದ. ಆಫೀಸುಗಳಿಗೆ ವಿಕಿ ಬಂದಾಗ ಆದದ್ದು ಬೇರೆ. ಬರೆಯುವವರು ಒಂದು ಕಡೆ, ಓದುವವರು ಇನ್ನೊಂದು ಕಡೆ ಎಂಬ ಹಳೆಯ ಚಾಳಿ ಹಾಗೇ ಉಳಿಯಿತು. ತಂಡದ ಮುಖ್ಯಸ್ಥರು "ಎಲ್ಲರೂ ನಿಮ್ಮ ನಿಮ್ಮ ಕೆಲಸದ ಬಗ್ಗೆ ಐದೈದು ಪುಟ ಬರೆಯಿರಿ" ಎಂದರು, ಜನ ಕಾಟಾಚಾರಕ್ಕೆ ಬರೆದರು, ಅಲ್ಲಿಗೆ ಮುಗಿಯಿತು. ನಿಮ್ಮ ನಾನೂರು ಪುಟಗಳಲ್ಲೂ ಬಹುಪಾಲು ಇಂಥವೇ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಜನ ಜಾಲತಾಣಗಳನ್ನು ಬಳಸುವ ರೀತಿಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಬರೆದ 90-9-1 ಎಂಬ ಅಂದಾಜು ಪ್ರಸಿದ್ಧವಾದದ್ದು. ಆನ್‌ಲೈನ್ ಸಮುದಾಯಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ಓದುತ್ತಾರೆ, ಒಂಬತ್ತು ಜನ ಆಗೀಗ ಬರೆಯುತ್ತಾರೆ, ಒಬ್ಬರು ಮಾತ್ರ ಕೈಬಿಡದೆ ಬರೆಯುತ್ತಾರೆ ಎಂಬುದು ಅದರ ಸಾರ. ಕೋಟ್ಯಂತರ ಓದುಗರಿರುವ ವಿಕಿಪೀಡಿಯಕ್ಕೆ ಆ ಒಂದು ಪಾಲೇ ದೊಡ್ಡ ಸೈನ್ಯ. ಅರವತ್ತು ಜನರ ಆಫೀಸಿನಲ್ಲಿ ಅದು ಒಬ್ಬರೂ ಆಗುವುದಿಲ್ಲ. ಹಾಗಾಗಿ "ಇಷ್ಟವಿದ್ದವರು ಬರೆಯಲಿ" ಎಂದು ಬಿಟ್ಟರೆ ನಿಮ್ಮ ಅಳತೆಯ ಸಂಸ್ಥೆಯಲ್ಲಿ ವಿಕಿ ನಿಲ್ಲುವುದೇ ಇಲ್ಲ. ಬರೆಯುವುದು ದಿನದ ಕೆಲಸದೊಳಗೇ ಸೇರಿಹೋಗಬೇಕು.

ಸೇರಿಸುವುದು ಹೇಗೆ? ಪುಟವನ್ನು ತಿದ್ದಬೇಕಾದವರು ಅದನ್ನು ಬಳಸಿ ಎಡವಿದವರು. ನನ್ನ ಉತ್ತರದಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಾಟ್ ಗ್ರೂಪನ್ನು ವಿಕಿಯ ಶತ್ರು ಎಂದು ನೋಡಬೇಡಿ, ವಿಕಿಗೆ ಬೇಕಾದ ಸರಕೆಲ್ಲ ಬರುವುದು ಅಲ್ಲಿಂದಲೇ. ಗ್ರೂಪಿನಲ್ಲಿ ಪ್ರಶ್ನೆ ಬಂದಾಗ ಉತ್ತರ ಗೊತ್ತಿದ್ದವರು ಮೊದಲು ಪುಟ ಇದೆಯೇ ನೋಡಲಿ. ಇದ್ದರೆ ಲಿಂಕ್ ಹಾಕಲಿ, ಅಷ್ಟೇ. ಇಲ್ಲದಿದ್ದರೆ ಎಂದಿನಂತೆ ಗ್ರೂಪಿನಲ್ಲೇ ಉತ್ತರಿಸಲಿ. ಆಮೇಲೆ ಆ ಉತ್ತರವನ್ನು ವಿಕಿಗೆ ಹಾಕುವ ಕೆಲಸ ಕೇಳಿದವರದು, ಹೇಳಿದವರದಲ್ಲ. ಹೇಳಿದವರು ಒಮ್ಮೆ ಕಣ್ಣಾಡಿಸಿ ಸರಿ ಎಂದರೆ ಸಾಕು.

ಕೇಳಿದವರೇ ಯಾಕೆ ಎಂದರೆ, ಯಾವ ಪದ ಹಾಕಿ ಹುಡುಕಿದ್ದೆ, ಎಲ್ಲಿ ಗೊಂದಲವಾಯಿತು ಎನ್ನುವುದು ಅವರಿಗೆ ಮಾತ್ರ ಗೊತ್ತು. ಹತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವರು ಬರೆದರೆ ನಡುವಿನ ಎರಡು ಹಂತ ತಾನಾಗಿ ಹಾರಿಹೋಗುತ್ತದೆ, ಅವರಿಗೆ ಅವು ಹಂತಗಳೆಂದೇ ಅನ್ನಿಸುವುದಿಲ್ಲ. ಜೊತೆಗೆ, ಉತ್ತರಿಸಿದ ಸೀನಿಯರ್ ಮೇಲೇ ಬರೆಯುವ ಹೊರೆಯನ್ನೂ ಹೊರಿಸಿದರೆ ಮುಂದಿನ ಸಲ ಅವರು ಗ್ರೂಪಿನಲ್ಲಿ ಉತ್ತರಿಸುವುದನ್ನೇ ಬಿಡುತ್ತಾರೆ.

ಒಂದು ಎಚ್ಚರಿಕೆ. ಲಿಂಕ್ ಹಾಕುವಾಗ "ವಿಕಿ ನೋಡ್ಬಾರ್ದಾ?" ಎಂಬ ಧಾಟಿ ಬೇಡವೇ ಬೇಡ. ಹಾಗೆ ಒಂದೆರಡು ಸಲ ಅನ್ನಿಸಿಕೊಂಡವರು ಗ್ರೂಪ್ ಬಿಟ್ಟು ಪರ್ಸನಲ್ ಮೆಸೇಜ್‌ನಲ್ಲಿ ಕೇಳಲು ಶುರು ಮಾಡುತ್ತಾರೆ. ಆಗ ಯಾರಿಗೆ ಏನು ಗೊತ್ತಿಲ್ಲ ಎನ್ನುವ ಸುಳಿವೂ ನಿಮ್ಮ ಕೈತಪ್ಪುತ್ತದೆ.

ಈ ಪದ್ಧತಿ ತಾನಾಗಿ ಬೇರೂರುವುದಿಲ್ಲ. ಮೊದಲ ಕೆಲವು ವಾರ ಯಾರಾದರೂ ಒಬ್ಬರು ಬೆನ್ನು ಬೀಳಬೇಕು, "ಇದನ್ನು ಪುಟ ಮಾಡ್ತೀರಾ?" ಎಂದು ಕೇಳುತ್ತಲೇ ಇರಬೇಕು. ಪ್ರಶ್ನೆ ಕಳಿಸಿದವರು ನೀವಾದ್ದರಿಂದ ಅದು ನೀವೇ ಎಂದು ಇಟ್ಟುಕೊಳ್ಳೋಣ. ಇನ್ನು ಮೇಲಿನವರು. ಅವರು ರಜೆಯ ನಿಯಮವನ್ನೋ ಹೊಸ ದರಪಟ್ಟಿಯನ್ನೋ ಇಮೇಲ್‌ಗೆ ಲಗತ್ತಿಸಿ ಕಳಿಸುತ್ತಿರುವ ತನಕ ಉಳಿದವರು ವಿಕಿಯನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅವರೂ ಪುಟ ಮಾಡಿ ಲಿಂಕ್ ಕಳಿಸಬೇಕು.

ಪುಟ ಹೇಗಿರಬೇಕು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ನಿಮ್ಮಂಥ ಸಂಸ್ಥೆಯ ವಿಕಿಯಲ್ಲಿ "ಬ್ಯಾಕಪ್ ಪ್ರಕ್ರಿಯೆ: ಒಂದು ಪರಿಚಯ" ಎಂಬ ಪುಟ ಇದ್ದೇ ಇರುತ್ತದೆ. ಅದು ಹೀಗೆ ಶುರುವಾಗುತ್ತದೆ: "ಇಂದಿನ ಡಿಜಿಟಲ್ ಯುಗದಲ್ಲಿ ದತ್ತಾಂಶದ ಸುರಕ್ಷತೆ ಅತ್ಯಂತ ಮಹತ್ವದ್ದಾಗಿದೆ." ಆಮೇಲೆ ಬ್ಯಾಕಪ್‌ನ ವಿಧಗಳು, ಪ್ರಯೋಜನಗಳು, ಮೂರು ಸ್ಕ್ರೀನ್‌ಶಾಟ್‌ಗಳು, ಅದರಲ್ಲಿ ಎರಡು ಹಳೆಯ ಆವೃತ್ತಿಯವು. ಫೋನಿನ ಆ ಕಡೆ ಗ್ರಾಹಕರು ಕೂಗಾಡುತ್ತಿರುವಾಗ ಈ ಪುಟ ಯಾರಿಗೆ ಬೇಕು? ಅದೇ ವಿಷಯದ ಬಳಸಬಹುದಾದ ಪುಟ ಹೀಗಿರುತ್ತದೆ:

"ಗ್ರಾಹಕರ ಡೇಟಾವನ್ನು ಬ್ಯಾಕಪ್‌ನಿಂದ ವಾಪಸ್ ತರುವುದು (ರಿಸ್ಟೋರ್)

ಯಾವಾಗ: ಗ್ರಾಹಕರು 'ನಿನ್ನೆಯ ಬಿಲ್ಲುಗಳು ಯಾವುದೂ ಕಾಣ್ತಿಲ್ಲ' ಎಂದಾಗ. ಒಂದೇ ಬಿಲ್ ಹೋಗಿದ್ದರೆ ಇದು ಬೇಡ, 'ಅಳಿಸಿದ ಬಿಲ್ ಮರಳಿ ಪಡೆಯುವುದು' ಪುಟ ನೋಡಿ.

ಮೊದಲು: ಈಗಿರುವ ಡೇಟಾದ ಒಂದು ಕಾಪಿ ತೆಗೆದಿಡಿ, ಅದು ಕೆಟ್ಟಿದ್ದರೂ ಸರಿ. ಗ್ರಾಹಕರ ಕಡೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಸಾಫ್ಟ್‌ವೇರ್ ಮುಚ್ಚಿಸಿ. ಒಂದು ಕಡೆ ತೆರೆದಿದ್ದರೂ ರಿಸ್ಟೋರ್ ಅರ್ಧಕ್ಕೆ ನಿಲ್ಲುತ್ತದೆ, ಆದರೆ ಸ್ಕ್ರೀನ್ ಮೇಲೆ 'ಯಶಸ್ವಿ' ಎಂದೇ ಬರುತ್ತದೆ.

ಮುಗಿದದ್ದು ಹೇಗೆ ಗೊತ್ತಾಗುತ್ತದೆ: ಕೊನೆಯ ಬಿಲ್ ನಂಬರನ್ನು ಗ್ರಾಹಕರ ಹತ್ತಿರ ಓದಿಸಿ, ಅವರ ಕೈಲಿರುವ ಪ್ರಿಂಟ್ ಜೊತೆ ತಾಳೆ ನೋಡಿ. 'ಯಶಸ್ವಿ' ಎಂಬುದನ್ನು ನಂಬಬೇಡಿ.

ಈ ಪುಟದ ಹೊಣೆ: ಸಪೋರ್ಟ್ ತಂಡದ ಮುಖ್ಯಸ್ಥರು. ಕೊನೆಯ ಸಲ ಮಾಡಿ ನೋಡಿದ್ದು: ಹೋದ ತಿಂಗಳು."

ನಡುವೆ ಹಂತಗಳು ಬರುತ್ತವೆ, ಅವನ್ನು ಬಿಟ್ಟಿದ್ದೇನೆ. ಇದರ ಬೆಲೆಯೆಲ್ಲ ಇರುವುದು ಆ "ಯಶಸ್ವಿ" ಎನ್ನುವ ಸಾಲಿನಲ್ಲಿ. ಅದು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಯಾರೋ ಒಮ್ಮೆ ಅದನ್ನು ನಂಬಿ ಫೋನಿಟ್ಟು, ಮರುದಿನ ಬೈಸಿಕೊಂಡು ಕಲಿತದ್ದು ಅದು. ಇಂಥ ಒಂದು ಸಾಲಿಗಾಗಿಯೇ ಜನ ವಿಕಿಗೆ ಮರಳಿ ಬರುತ್ತಾರೆ.

ತಲೆಬರಹವನ್ನೂ ಗಮನಿಸಿ. ಹುಡುಕುವವರ ಬಾಯಲ್ಲಿ ಬರುವ ಪದ ಅದರಲ್ಲಿರಬೇಕು. ಒಬ್ಬರು "ರಿಸ್ಟೋರ್" ಎಂದು ಹುಡುಕುತ್ತಾರೆ, ಇನ್ನೊಬ್ಬರು "ಡೇಟಾ ಹೋಗಿದೆ" ಎಂದು. ಹೆಚ್ಚಿನ ವಿಕಿಗಳಲ್ಲಿ ಒಂದು ಪುಟಕ್ಕೆ ಬೇರೆ ಹೆಸರುಗಳಿಂದ ರೀಡೈರೆಕ್ಟ್ ಕೊಡಲು (ಆ ಹೆಸರು ಹಾಕಿದರೂ ಇದೇ ಪುಟ ತೆರೆಯುವಂತೆ ಮಾಡಲು), ಇಲ್ಲವೇ ಟ್ಯಾಗ್ ಹಾಕಲು ಬರುತ್ತದೆ. ಧಾರಾಳವಾಗಿ ಹಾಕಿ. ಯಾರು ಏನು ಹುಡುಕಿದರು ಎಂಬ ದಾಖಲೆ (ಸರ್ಚ್ ಲಾಗ್) ಸಿಗುವ ವಿಕಿ ನಿಮ್ಮದಾದರೆ, ಏನೂ ಸಿಗದೆ ಹೋದ ಹುಡುಕಾಟಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆರೆಯಿರಿ. ಮುಂದೆ ಬರೆಯಬೇಕಾದ ಪುಟಗಳ ಹೆಸರು ಅಲ್ಲೇ ಸಾಲಾಗಿ ಕೂತಿರುತ್ತವೆ. ವರ್ಗೀಕರಣದ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಯಾವ ಪುಟ ಯಾವ ಫೋಲ್ಡರಿನಡಿ ಬರಬೇಕೆಂದು ಸಮಿತಿ ಮಾಡಿಕೊಂಡು ತಿಂಗಳುಗಟ್ಟಲೆ ಚರ್ಚಿಸಿದ ಸಂಸ್ಥೆಗಳಿವೆ. ಫೋಲ್ಡರುಗಳು ಅಚ್ಚುಕಟ್ಟಾಗಿ ತಯಾರಾದವು, ಒಳಗೆ ಹಾಕಲು ಮಾತ್ರ ಏನೂ ಇರಲಿಲ್ಲ.

ಈಗ ಹೊಣೆಯ ವಿಷಯ. ಗೂಗಲ್‌ನಂಥ ಕಂಪನಿಯೂ ಇಲ್ಲಿ ಪೆಟ್ಟು ತಿಂದಿದೆ, ಅದನ್ನು ಅಲ್ಲಿನ ಎಂಜಿನಿಯರ್‌ಗಳೇ ಬರೆದಿದ್ದಾರೆ. ಅವರ ಒಳಗಿನ ವಿಕಿಯಲ್ಲಿ ಪುಟಗಳಿಗೆ ವಾರಸುದಾರರಿರಲಿಲ್ಲ. ಒಂದೇ ಕೆಲಸದ ಬಗ್ಗೆ ಹಲವು ಪುಟಗಳು ಹುಟ್ಟಿಕೊಂಡವು, ಯಾವುದು ಸರಿ ಎಂದು ಹೇಳುವವರು ಇರಲಿಲ್ಲ. ಕೊನೆಗೆ ಎಂಜಿನಿಯರಿಂಗ್ ದಾಖಲೆಗಳನ್ನು ಕೋಡ್ ಇರುವ ಕಡೆಗೇ ಸ್ಥಳಾಂತರಿಸಿದರು. ಪ್ರತಿ ದಾಖಲೆಗೂ ಹೊಣೆಗಾರರು, ಕೊನೆಯ ಸಲ ಪರಿಶೀಲಿಸಿದ ದಿನಾಂಕ, ಬಹಳ ದಿನ ಯಾರೂ ನೋಡದಿದ್ದರೆ ನೆನಪಿಸುವ ಇಮೇಲ್ ಎಂಬ ವ್ಯವಸ್ಥೆ ಬಂತು. ನೀವು ಅಷ್ಟು ದೂರ ಹೋಗಬೇಕಿಲ್ಲ. ಪ್ರತಿ ಪುಟದ ತಲೆಯಲ್ಲೋ ಬುಡದಲ್ಲೋ ಹೊಣೆಗಾರರು ಮತ್ತು ಪರಿಶೀಲಿಸಿದ ದಿನ, ಇವೆರಡು ಇದ್ದರೆ ಸಾಕು. ಹೊಣೆಯನ್ನು ವ್ಯಕ್ತಿಗಿಂತ ಹುದ್ದೆಗೆ ಕೊಡುವುದು ಮೇಲು, ವ್ಯಕ್ತಿ ಕೆಲಸ ಬಿಟ್ಟರೂ ಹುದ್ದೆ ಉಳಿಯುತ್ತದೆ. ಹೊಣೆಗಾರರೇ ಎಲ್ಲವನ್ನೂ ಬರೆಯಬೇಕೆಂದಲ್ಲ. ಯಾರು ತಿದ್ದಿದರೂ ಅದು ಸರಿಯೇ ಎಂದು ನೋಡುವುದು ಅವರ ಕೆಲಸ. ಪುಟ ಬದಲಾದಾಗ ಇಮೇಲ್ ಬರುವ ಸೌಲಭ್ಯ ಹೆಚ್ಚಿನ ವಿಕಿಗಳಲ್ಲಿದೆ, ಅದನ್ನು ಅವರಿಗೆ ಹಾಕಿಕೊಡಿ.

ಹಾಗಾದರೆ ಈ ನಾನೂರು ಪುಟಗಳಿಗೂ ಹೊಣೆಗಾರರನ್ನು ಹುಡುಕಬೇಕೇ? ಬೇಡ. ಕೂತು ಒಂದೊಂದನ್ನೇ ತಿದ್ದಲು ಹೋದರೆ ನಲವತ್ತನೆಯ ಪುಟಕ್ಕೆ ಸುಸ್ತಾಗುತ್ತೀರಿ. ಎಲ್ಲವನ್ನೂ ಒಟ್ಟಿಗೆ "ಹಳೆಯದು" ಎಂಬ ವಿಭಾಗಕ್ಕೆ ಸರಿಸಿ, ಪ್ರತಿ ಪುಟದ ಮೇಲೆ "ಪರಿಶೀಲಿಸಿಲ್ಲ, ನಂಬುವ ಮುನ್ನ ಕೇಳಿ" ಎಂಬ ಪಟ್ಟಿ ಬರುವಂತೆ ಮಾಡಿ. ಯಾರಿಗಾದರೂ ಅದರಲ್ಲೊಂದು ಬೇಕಾದಾಗ ಓದಿ, ಸರಿಪಡಿಸಿ, ಹೊಣೆ ಬರೆದು ಮುಂದಕ್ಕೆ ತರಲಿ. ಆರು ತಿಂಗಳಾದರೂ ಯಾರೂ ಮುಟ್ಟದ ಪುಟಗಳನ್ನು ಸರ್ಚ್‌ನಿಂದ ತೆಗೆಯಿರಿ. ಅಳಿಸಿಬಿಡಿ ಎನ್ನುವವನೇ ನಾನು, ಆದರೆ ಹಾಗೆಂದರೆ ಆಫೀಸಿನಲ್ಲಿ ಜಗಳವಾಗುತ್ತದೆ, ಸರಿಸಿದರೆ ಯಾರೂ ಮಾತಾಡುವುದಿಲ್ಲ.

ಎಲ್ಲರಿಗೂ ಎಡಿಟ್ ಮಾಡಲು ಬಿಟ್ಟದ್ದು ತಪ್ಪಾಯಿತೇ ಎಂದು ಕೇಳಿದ್ದೀರಿ. ಇಲ್ಲ. ಒಬ್ಬರು ಏನನ್ನೋ ಕೆಡಿಸಿದರೆಂದು ಎಲ್ಲ ಪುಟಗಳಿಗೂ ಬೀಗ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ವಿಕಿಯಲ್ಲಿ ಪ್ರತಿ ಬದಲಾವಣೆಯ ಇತಿಹಾಸ ಉಳಿಯುತ್ತದೆ. ಯಾರು, ಯಾವಾಗ, ಯಾವ ಪದ ಬದಲಿಸಿದರು ಎಂದು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು, ಒಂದು ಕ್ಲಿಕ್‌ನಲ್ಲಿ ಹಿಂದಿನ ಸ್ಥಿತಿಗೆ ತರಬಹುದು. ಆಫೀಸಿನಲ್ಲಿ ಎಲ್ಲರೂ ಸ್ವಂತ ಹೆಸರಿನಲ್ಲೇ ಲಾಗಿನ್ ಆಗುವುದರಿಂದ ಬೇಕೆಂದೇ ಕೆಡಿಸುವವರು ಸಿಗುವುದು ಅಪರೂಪ. ನಾನು ಕಂಡಿರುವ ತೊಂದರೆ ಇದಕ್ಕೆ ಉಲ್ಟಾ: ಬೇರೆಯವರ ಪುಟ ಮುಟ್ಟಲು ಜನ ಹೆದರುತ್ತಾರೆ. ತಪ್ಪು ಕಂಡರೂ "ಅವರು ಏನಂದುಕೊಳ್ತಾರೋ" ಎಂದು ಸುಮ್ಮನಾಗುತ್ತಾರೆ. ಒಬ್ಬ ಹೊಸಬರು ಮ್ಯಾನೇಜರ್ ಬರೆದ ಪುಟದಲ್ಲಿ ತಪ್ಪು ತಿದ್ದಿದಾಗ ಆ ಮ್ಯಾನೇಜರೇ ಗ್ರೂಪಿನಲ್ಲಿ "ಥ್ಯಾಂಕ್ಸ್, ಒಳ್ಳೇದು ಮಾಡಿದ್ರಿ" ಎಂದರೆ ಆ ಹೆದರಿಕೆ ಹೋಗುತ್ತದೆ. ಸುತ್ತೋಲೆಯಿಂದ ಹೋಗುವುದಿಲ್ಲ.

ಇದಕ್ಕೆ ಅಪವಾದಗಳಿವೆ. ಸಂಬಳ, ರಜೆ, ಕಾನೂನಿಗೆ ಸಂಬಂಧಪಟ್ಟ ನೀತಿಗಳು, ಸುರಕ್ಷತೆಯ ಸೂಚನೆಗಳು ಯಾರೋ ತಿದ್ದಿದ ಕೂಡಲೇ ಜಾರಿಗೆ ಬರಬಾರದು. ನಿಮ್ಮದು ಐಎಸ್‌ಒ 9001 ಎಂಬ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡದ ಸರ್ಟಿಫಿಕೇಟ್ ಇರುವ ಸಂಸ್ಥೆಯಾದರೆ ಅದರ 2015ರ ಆವೃತ್ತಿಯ 7.5ನೇ ವಿಧಿ ದಾಖಲೆಗಳ ಪರಿಶೀಲನೆ, ಅನುಮೋದನೆ, ನಿಯಂತ್ರಣವನ್ನು ಕೇಳುತ್ತದೆ. ಇಂಥ ಪುಟಗಳಿಗೆ ಬೀಗ ಇರಲಿ, ಪಕ್ಕದಲ್ಲೇ ಎಲ್ಲರೂ ಬರೆಯಬಹುದಾದ ಟಿಪ್ಪಣಿ ಪುಟವೂ ಇರಲಿ. ಪರಿಷ್ಕರಣೆಯ ಸಮಯ ಬಂದಾಗ ಆ ಟಿಪ್ಪಣಿಗಳೇ ಕೆಲಸಕ್ಕೆ ಬರುತ್ತವೆ. ಅಂದಹಾಗೆ, ಅದೇ ಆವೃತ್ತಿಯ 7.1.6ನೇ ವಿಧಿ ಸಂಸ್ಥೆಯ ಜ್ಞಾನವನ್ನು ಗುರುತಿಸಿ, ಕಾಪಾಡಿಕೊಂಡು, ಬೇಕಾದವರಿಗೆ ಸಿಗುವಂತೆ ಮಾಡಬೇಕು ಎನ್ನುತ್ತದೆ. ಮೇಲಿನವರನ್ನು ಒಪ್ಪಿಸಲು ನಿಮಗೆ ಇದು ಉಪಯೋಗಕ್ಕೆ ಬರಬಹುದು.

ಪಾಸ್‌ವರ್ಡ್‌ಗಳನ್ನು ಯಾವ ಕಾರಣಕ್ಕೂ ವಿಕಿಯಲ್ಲಿ ಬರೆಯಬೇಡಿ. ಬರೆದು ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ. ಈಗಾಗಲೇ ಬರೆದಿದ್ದರೆ ಪುಟ ಅಳಿಸುವುದಕ್ಕಿಂತ ಮೊದಲು ಪಾಸ್‌ವರ್ಡ್ ಬದಲಿಸಿ. ಗ್ರಾಹಕರ ಖಾಸಗಿ ವಿವರಗಳಿಗೂ ವಿಕಿ ಜಾಗವಲ್ಲ.

ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಅವಸರದ್ದು ಆ ಹಿರಿಯರ ವಿಷಯ. ಸಾಮಾನ್ಯವಾಗಿ ಏನಾಗುತ್ತದೆಂದರೆ, ಕೊನೆಯ ತಿಂಗಳಲ್ಲಿ ಅವರಿಗೆ "ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ" ಎನ್ನುತ್ತಾರೆ. ಅವರು ಪ್ರಾಮಾಣಿಕವಾಗಿ ಕೂತು ಬರೆಯುತ್ತಾರೆ. ಬಂದದ್ದು ಎಲ್ಲರಿಗೂ ಮೊದಲೇ ಗೊತ್ತಿದ್ದ ವಿಷಯವಾಗಿರುತ್ತದೆ. ಅವರು ಬಚ್ಚಿಟ್ಟರೆಂದಲ್ಲ. ಹದಿನೈದು ವರ್ಷದ ಅನುಭವ ಪಟ್ಟಿಯ ರೂಪದಲ್ಲಿ ತಲೆಯಲ್ಲಿರುವುದಿಲ್ಲ, ಸನ್ನಿವೇಶ ಎದುರಾದಾಗ ಮಾತ್ರ ಹೊರಬರುತ್ತದೆ.

ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಜೊತೆ ಓಡಾಡಿ ಅವರು ಕೆಲಸ ಮಾಡುವ ರೀತಿಯನ್ನು ನೋಡಿದರು. ಕಷ್ಟದ ಕೇಸುಗಳಲ್ಲಿ ಅವರ ಕೈಹಿಡಿಯುತ್ತಿದ್ದದ್ದು ಕಂಪನಿ ಕೊಟ್ಟ ಕೈಪಿಡಿಗಿಂತ ಹೆಚ್ಚಾಗಿ ಅವರವರೇ ಹೇಳಿಕೊಳ್ಳುತ್ತಿದ್ದ ಕತೆಗಳು: ಇಂಥ ಮೆಷಿನ್ ಹೀಗೆ ಕೈಕೊಟ್ಟಿತು, ಎಲ್ಲರೂ ಇದೇ ಎಂದುಕೊಂಡೆವು, ನೋಡಿದರೆ ಇನ್ನೇನೋ ಆಗಿತ್ತು ಎಂಬಂಥವು. ಆಮೇಲೆ ಅದೇ ಕಂಪನಿಯಲ್ಲಿ ಯುರೇಕಾ ಎಂಬ ವ್ಯವಸ್ಥೆ ಬಂತು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯವನ್ನು ಬರೆಯುತ್ತಿದ್ದರು, ಅನುಭವಿಗಳು ಅದನ್ನು ಪರೀಕ್ಷಿಸಿ ಒಪ್ಪಿದ ಮೇಲೆ ಬರೆದವರ ಹೆಸರಿನ ಸಮೇತ ಎಲ್ಲರಿಗೂ ಸಿಗುತ್ತಿತ್ತು. ಹೆಸರು ಇರುವುದು ಸಣ್ಣ ಮಾತಲ್ಲ. ತನ್ನ ಹೆಸರಿನಡಿ ಇರುವ ಉಪಾಯ ನಾಲ್ಕು ಜನರಿಗೆ ಉಪಯೋಗವಾಯಿತು ಎಂಬುದು ಬಹುಮಾನದ ಕೂಪನ್‌ಗಿಂತ ಹೆಚ್ಚು ದಿನ ಬಾಳುತ್ತದೆ.

ಹಾಗಾಗಿ ಹಿರಿಯರಿಗೆ ಬರೆಯಲು ಹೇಳಬೇಡಿ. ಅವರ ಜಾಗಕ್ಕೆ ಬರುವವರನ್ನು ಈಗಲೇ ಪಕ್ಕದಲ್ಲಿ ಕೂರಿಸಿ. ಮೊದಮೊದಲು ಹಿರಿಯರು ಮಾಡಲಿ, ಇವರು ನೋಡಲಿ. ಬೇಗನೆ ಅದನ್ನು ತಿರುಗಿಸಿ: ಕೀಬೋರ್ಡ್ ಕಿರಿಯರ ಕೈಯಲ್ಲಿ, ಹಿರಿಯರು ಬರೀ ಪಕ್ಕದಲ್ಲಿ. "ಅಯ್ಯೋ, ಅದನ್ನ ಒತ್ತಬೇಡಿ" ಎಂದು ಅವರು ತಡೆಯುತ್ತಾರಲ್ಲ, ಆ ಕ್ಷಣವೇ ನಿಮಗೆ ಬೇಕಾದದ್ದು. ಯಾಕೆ ಬೇಡ ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಕಿರಿಯರು ಪುಟಕ್ಕೆ ಇಳಿಸಲಿ. ಸಂಜೆ ಹಿರಿಯರು ಓದಿ ತಿದ್ದಲಿ. ಬರೆಯಲು ಬೇಸರಪಡುವವರೂ ಬೇರೆಯವರು ತಪ್ಪಾಗಿ ಬರೆದದ್ದನ್ನು ತಿದ್ದದೆ ಬಿಡುವುದಿಲ್ಲ!

ಕೇಳುವ ಪ್ರಶ್ನೆಯೂ ಮುಖ್ಯ. "ಈ ಕೆಲಸ ಹೇಗೆ ಮಾಡ್ತೀರಿ ಸರ್?" ಎಂದರೆ ಕೈಪಿಡಿಯ ಉತ್ತರ ಬರುತ್ತದೆ. "ಹೋದ ಸಲ ಇದು ಕೆಟ್ಟಾಗ ಏನಾಗಿತ್ತು? ಸರಿ ಇಲ್ಲ ಅಂತ ನಿಮಗೆ ಹೇಗೆ ಅನುಮಾನ ಬಂತು? ಆಗ ಮೊದಲು ಯಾರಿಗೆ ಫೋನ್ ಮಾಡಿದ್ರಿ?" ಎಂದು ಕೇಳಿದರೆ ಕತೆ ಬರುತ್ತದೆ. ಫೋನ್ ಮಾಡುವ ಜನರ ಪಟ್ಟಿಯೊಂದೇ ಅರ್ಧ ಆಸ್ತಿ. ಯಾವ ಗ್ರಾಹಕರ ಕಡೆ ಯಾರ ಹತ್ತಿರ ಮಾತಾಡಿದರೆ ಕೆಲಸವಾಗುತ್ತದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ. ಅದರಲ್ಲಿ ಎಷ್ಟನ್ನು ಎಲ್ಲರೂ ನೋಡುವ ಪುಟದಲ್ಲಿ ಹಾಕಬಹುದು ಎಂಬುದನ್ನು ವಿವೇಚನೆಯಿಂದ ನಿರ್ಧರಿಸಿ.

ವರ್ಷಕ್ಕೊಮ್ಮೆ ಬರುವ ಕೆಲಸಗಳಿಗೆ ಪ್ರತ್ಯೇಕ ಗಮನ ಬೇಕು. ಲೈಸೆನ್ಸ್ ನವೀಕರಣ, ವರ್ಷಾಂತ್ಯದ ಲೆಕ್ಕ ಮುಗಿಸುವುದು, ಸರ್ವರ್ ಸರ್ಟಿಫಿಕೇಟ್ ಬದಲಿಸುವುದು, ಇವು ಮುಂದಿನ ಮೂರು ತಿಂಗಳಲ್ಲಿ ಬರದೇ ಹೋಗಬಹುದು. ಬಂದಾಗ ಅವರು ಇರುವುದಿಲ್ಲ. ಅವರ ಕೆಲಸದ ವರ್ಷದ ಕ್ಯಾಲೆಂಡರನ್ನು ಮೊದಲ ವಾರದಲ್ಲೇ ಅವರೊಡನೆ ಕೂತು ಬರೆದು, ಇಂಥವನ್ನು ಟೆಸ್ಟ್ ಸಿಸ್ಟಂನಲ್ಲಿ ಒಮ್ಮೆ ಸುಮ್ಮನೆ ಮಾಡಿಸಿ ನೋಡಿ.

ಇನ್ನೊಂದು ಬಗೆಯ ಜ್ಞಾನವೂ ಅವರ ಜೊತೆ ಹೊರಟುಹೋಗುತ್ತದೆ: ಯಾಕೆ ಹೀಗಿದೆ ಎನ್ನುವುದು. ಬಿಲ್ ನಂಬರಿಗೆ ಮುಂದೆ ಆ ವಿಚಿತ್ರ ಅಕ್ಷರ ಯಾಕೆ, ಆ ರಿಪೋರ್ಟ್ ರಾತ್ರಿಯೇ ಯಾಕೆ ಓಡಬೇಕು. ಕಾರಣ ಗೊತ್ತಿಲ್ಲದವರು ಒಂದು ದಿನ ಅದನ್ನು "ಸುಧಾರಿಸಿ" ಪಜೀತಿಗೆ ಸಿಕ್ಕುತ್ತಾರೆ. ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕೆ ಒಂದು ಪುಟ್ಟ ನಮೂನೆ ಬಳಕೆಯಲ್ಲಿದೆ, ಮೈಕಲ್ ನೈಗಾರ್ಡ್ ಎಂಬ ಸಾಫ್ಟ್‌ವೇರ್ ತಜ್ಞ 2011ರಲ್ಲಿ ಮುಂದಿಟ್ಟದ್ದು: ಅಂದಿನ ಸನ್ನಿವೇಶ ಏನಿತ್ತು, ಏನು ತೀರ್ಮಾನಿಸಿದೆವು, ಅದರಿಂದ ಏನೇನು ಆಗುತ್ತದೆ. ಒಂದೆರಡು ಪುಟ ಮೀರದಂತೆ ಬರೆಯಬೇಕು, ತೀರ್ಮಾನ ಬದಲಾದರೆ ಹಳೆಯದನ್ನು ಅಳಿಸದೆ ಹೊಸದನ್ನು ಬರೆದು ಲಿಂಕ್ ಕೊಡಬೇಕು. ಹಿರಿಯರ ಹತ್ತಿರ ಇಂಥ ಒಂದು ಡಜನ್ ತೀರ್ಮಾನಗಳ ಹಿನ್ನೆಲೆ ಸಿಕ್ಕರೂ ನೀವು ಗೆದ್ದಹಾಗೆ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನದಕ್ಕೆ ಬೇರೆಯೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕು, ಮೊಬೈಲಿನಲ್ಲಿ ತೆರೆಯುವುದಿಲ್ಲ, ನೀವು ಬರೆಯುವ ಭಾಷೆಯಲ್ಲಿ ಸರ್ಚ್ ಕೆಲಸ ಮಾಡುವುದಿಲ್ಲ ಎಂದಿದ್ದರೆ ಮಾತ್ರ ಬದಲಾವಣೆಗೆ ಅರ್ಥವಿದೆ. ಹಾಗಿದ್ದರೆ, ವಿಕಿ ಸಾಫ್ಟ್‌ವೇರ್‌ಗಳಲ್ಲಿ ಸಣ್ಣ ತಂಡಕ್ಕೆ ಬುಕ್‌ಸ್ಟ್ಯಾಕ್ ಸಲೀಸು. ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂಬ ಅದರ ಜೋಡಣೆಯನ್ನು ಯಾರಿಗೂ ವಿವರಿಸಬೇಕಿಲ್ಲ. ಡೊಕುವಿಕಿಗೆ ಡೇಟಾಬೇಸ್ ಬೇಡ, ಪುಟಗಳು ಸಾದಾ ಟೆಕ್ಸ್ಟ್ ಫೈಲುಗಳಾಗಿ ಕೂತಿರುತ್ತವೆ, ಸರ್ವರ್ ಕೆಟ್ಟರೂ ಫೈಲ್ ತೆರೆದು ಓದಬಹುದು. ವಿಕಿಪೀಡಿಯದ ಮೀಡಿಯಾವಿಕಿ ಗಟ್ಟಿಮುಟ್ಟಾದದ್ದು, ಆದರೆ ಆಗಾಗ ಅಪ್‌ಡೇಟ್ ಮಾಡುವ ಕೈ ಬೇಕು. ಮೇಲಾಗಿ, ಕೆಲವು ಪುಟಗಳನ್ನು ಕೆಲವರಿಂದ ಮುಚ್ಚಿಡುವುದಕ್ಕೆ ಅದನ್ನು ಕಟ್ಟಿಲ್ಲ ಎಂದು ಅದರ ದಾಖಲೆಗಳೇ ಎಚ್ಚರಿಸುತ್ತವೆ. ವಿಭಾಗವಾರು ಗುಟ್ಟು ಬೇಕಾದವರು ಎಕ್ಸ್‌ವಿಕಿ ಅಥವಾ ಹಣ ಕೊಟ್ಟು ಕೊಳ್ಳುವ ಕಾನ್ಫ್ಲುಯೆನ್ಸ್ ಕಡೆ ನೋಡುತ್ತಾರೆ. ಯಾವುದನ್ನೇ ತೆಗೆದುಕೊಂಡರೂ ಒಳಗಿರುವುದನ್ನೆಲ್ಲ ಒಟ್ಟಿಗೆ ಹೊರತೆಗೆಯಲು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಮಾಡಿ ನೋಡಿ. ಸಂಸ್ಥೆಗಳು ತಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳುತ್ತಿದ್ದ ಕಾನ್ಫ್ಲುಯೆನ್ಸ್‌ನ ಸರ್ವರ್ ಆವೃತ್ತಿಗೆ ಬೆಂಬಲ 2024ರ ಫೆಬ್ರವರಿಯಲ್ಲಿ ನಿಂತಿತು, ಅದನ್ನು ನಂಬಿಕೊಂಡಿದ್ದ ಎಷ್ಟೋ ಸಂಸ್ಥೆಗಳು ಜಾಗ ಬದಲಿಸಬೇಕಾಯಿತು.

"ಎಐ ಹಾಕಿದರೆ ಅದೇ ಹುಡುಕಿ ಹೇಳುತ್ತದೆ" ಎಂಬ ಮಾತೂ ಮೇಲಿನಿಂದ ಬರಬಹುದು. ಆಫೀಸಿನ ದಾಖಲೆಗಳನ್ನು ಓದಿ ಉತ್ತರಿಸುವ ಸಹಾಯಕಗಳು ಕೊಡುವುದು ಆ ದಾಖಲೆಗಳಲ್ಲಿ ಇರುವುದನ್ನೇ. ಹಳೆಯ ಪುಟ ಕೊಟ್ಟರೆ ಹಳೆಯ ಉತ್ತರವನ್ನು ಬಹಳ ಭರವಸೆಯಿಂದ ಹೇಳುತ್ತವೆ. ಮೊದಲು ಆ "ಹಳೆಯದು" ವಿಭಾಗವನ್ನು ಬೇರೆ ಮಾಡಿ, ಆಮೇಲೆ ಅದನ್ನು ಯೋಚಿಸಬಹುದು.

ಕೆಲಸ ಸಾಗುತ್ತಿದೆಯೇ ಎಂದು ತಿಳಿಯಲು ಪುಟಗಳ ಸಂಖ್ಯೆ ಎಣಿಸಬೇಡಿ, ಎಣಿಸಿದರೆ ಜನ ಪುಟ ಹೆಚ್ಚಿಸುತ್ತಾರೆ. ಗ್ರೂಪಿನಲ್ಲಿ ಕೇಳಿದ್ದೇ ಕೇಳುವ ಪ್ರಶ್ನೆಗಳು ಕಮ್ಮಿಯಾದವೇ, ಬಂದ ಪ್ರಶ್ನೆಗೆ ಬರೀ ಲಿಂಕ್ ಉತ್ತರವಾಗಿ ಬೀಳುವುದು ಹೆಚ್ಚಾಯಿತೇ, ಪುಟ ತಿದ್ದಿದವರಲ್ಲಿ ಹೊಸ ಹೆಸರುಗಳು ಕಾಣುತ್ತಿವೆಯೇ ಎಂದು ತಿಂಗಳಿಗೊಮ್ಮೆ ನೋಡಿ.

ಈ ವಾರ ಮೇಲಿನವರ ಹತ್ತಿರ ಎರಡು ವಿಷಯ ಕೇಳಿ. ಹೊಸ ಸಾಫ್ಟ್‌ವೇರ್ ತೀರ್ಮಾನವನ್ನು ಆರು ತಿಂಗಳು ಮುಂದೂಡುವುದು ಒಂದು. ಹಿರಿಯರಿಗೂ ಅವರ ಜಾಗಕ್ಕೆ ಬರುವವರಿಗೂ ವಾರದಲ್ಲಿ ಎರಡು ಅರ್ಧ ದಿನ ಬೇರೆ ಯಾವ ಟಿಕೆಟ್ಟೂ (ಗ್ರಾಹಕರ ದೂರಿನ ಕೆಲಸ) ಕೊಡದಿರುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಉಳಿಯುತ್ತದೆಂದು ತಕ್ಷಣ ಒಪ್ಪುತ್ತಾರೆ. ಎರಡನೆಯದಕ್ಕೆ "ಈಗ ಕೆಲಸ ಜಾಸ್ತಿ ಇದೆ, ಮುಂದಿನ ತಿಂಗಳು ನೋಡೋಣ" ಎನ್ನುತ್ತಾರೆ. ಆದ್ದರಿಂದ ಎರಡನೆಯದನ್ನೇ ಮೊದಲು ಕೇಳಿ, ದಿನ ಮತ್ತು ಸಮಯವನ್ನು ಅಲ್ಲೇ ಕ್ಯಾಲೆಂಡರಿಗೆ ಹಾಕಿಸಿಕೊಂಡೇ ಹೊರಗೆ ಬನ್ನಿ.